ವರ್ನಾ ಕ್ಲಾಸನ್ ಗ್ಯಾರೇಜಿಗೆ ದಂಡೆತ್ತಿ ಹೋದದ್ದು

ಡ್ರೈ ವಿಲೋದಲ್ಲಿ ಜನರ ಮುಖಕ್ಕಿಂತ ಅವರ ಟ್ರಕ್ಕುಗಳೇ ಹೆಚ್ಚು ಪರಿಚಿತ. ಎದುರು ಬಂದ ಟ್ರಕ್ಕಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುವುದೇ ನಮ್ಮ ಕೊಲೊರಾಡೊ ಬಯಲಿನ ನಮಸ್ಕಾರ. ಯಾರ ಟ್ರಕ್ಕು ಎಲ್ಲಿ ನಿಂತಿತ್ತೆಂಬ ಸುದ್ದಿಯನ್ನು ಸಂಜೆ ಪ್ರತಿ ಮನೆಯಲ್ಲೂ ಆಲೂಗಡ್ಡೆಯ ಜೊತೆ ಬಡಿಸುತ್ತಾರೆ.

ಇಂಥ ಊರಿನಲ್ಲಿ ಹದಿಹರೆಯದವರ ಕ್ಲಿನಿಕ್ಕನ್ನು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಮಹಾಪ್ರಭುಗಳು ಎಲ್ಲಿಟ್ಟರು? ಮುಖ್ಯ ಬೀದಿಯಲ್ಲಿ, ಚರ್ಚಿನ ಪಕ್ಕ, ಕಾಫಿ ಅಂಗಡಿಯ ಕಿಟಕಿಗೆ ನೇರವಾಗಿ. ಅದರ ಏಕೈಕ ಸೇನಾಧಿಪತಿ ನರ್ಸ್ ವರ್ನಾ ಕ್ಲಾಸನ್ ಮಾತ್ರೆ, ಕಾಂಡೋಮು, ಸಲಹೆಗಳ ಸಮೇತ ಸಜ್ಜಾಗಿ ಕೂತಳು. ಒಂದು ನೊಣವೂ ಬರಲಿಲ್ಲ. ಹಿಂದಿನ ವರ್ಷವಷ್ಟೇ ಇಬ್ಬರು ಹುಡುಗಿಯರು ಬಸುರಾಗಿ ಶಾಲೆ ಬಿಟ್ಟಿದ್ದರು.

ಹದಿನಾರರ ಟ್ಯಾಮ್ಸಿನ್ ರೂಡರ್ ಮಾತ್ರ ತಾತನ ಹಳದಿ ಟ್ರಕ್ಕನ್ನು ಕ್ಲಿನಿಕ್ಕಿನ ಮುಂದೆ ನಿಧಾನಿಸುವಳು. ಎದುರಿನ ಕಾಫಿ ಅಂಗಡಿಯ ಕಿಟಕಿಯಲ್ಲಿ ಯಾರಾದರೂ ಬೆರಳೆತ್ತಿದರೆ ಸಾಕು, ನಿಲ್ಲಿಸದೆ ಟ್ರಕ್ಕು ಓಡಿಸಿಬಿಡುವಳು. ಇವಳು ಮೂರನೆಯವಳಾಗಬಾರದೆಂದು ವರ್ನಾ ಹಟ ಹಿಡಿದು ಕೌಂಟಿ ಸಭೆಗೆ ನುಗ್ಗಿದಳು.

"ಗುರುವಾರ ಸಂಜೆ ಶಾಲೆ ಗ್ಯಾರೇಜಿನ ಹಿಂದಿನ ಕೋಣೆ ಕೊಡಿ. ಮೆಕ್ಯಾನಿಕ್ ಕ್ಲಾಸಿನ ಮಕ್ಕಳು ಊರವರ ಗಾಡಿಗೆಲ್ಲ ಅಲ್ಲೇ ಆಯಿಲ್ ಬದಲಾಯಿಸ್ತಾರೆ. ಯಾರ ಟ್ರಕ್ಕು ನಿಂತ್ರೂ ಯಾರೂ ಕೇಳಲ್ಲ."

ಅಧ್ಯಕ್ಷ ಆರ್ವಿಲ್ ಹಾಸ್ ಗಂಟಲು ಸರಿಮಾಡಿಕೊಂಡ. "ಹುಡುಗ್ರಿಗೆ ನಾವೇ ಕುಮ್ಮಕ್ಕು ಕೊಟ್ಟಂಗಾಗಲ್ವಾ ವರ್ನಾ?"

"ನಮ್ಮ ಕಾಲದಲ್ಲಿ ಕ್ಲಿನಿಕ್ಕೇ ಇರಲಿಲ್ಲ. ಆದ್ರೂ ಮದುವೆ ಕೇಕು ಒಣಗೋಕ್ಮುಂಚೆ ನಿಮ್ಮನೆಗೆ ತೊಟ್ಟಿಲು ಬಂದಿತ್ತು. ನಿಂಗ್ಯಾರಪ್ಪಾ ಕೊಟ್ಟಿದ್ದು ಕುಮ್ಮಕ್ಕು?"

ಮೊದಲು ನಕ್ಕವಳು ಹಿಂದಿನ ಸಾಲಿನಲ್ಲಿದ್ದ ಆರ್ವಿಲನ ಹೆಂಡತಿ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು: "ಕೊಟ್ಬಿಡ್ರಿ. ಆಗ ನಂಗೂ ನರ್ಸಿಂಗ್ ಓದ್ಬೇಕು ಅಂತಿತ್ತು."

ಆರ್ವಿಲ್ ತನ್ನ ಬೂಟು ನೋಡಿಕೊಂಡು ಕೈ ಎತ್ತಿದ. ಉಳಿದವರೂ ಎತ್ತಿದರು.

ಮುಂದಿನ ಗುರುವಾರ ಹಳದಿ ಟ್ರಕ್ಕು ಗ್ಯಾರೇಜಿನಲ್ಲಿ ರಾಜಗಾಂಭೀರ್ಯದಿಂದ ನಿಂತಿತು. ಟ್ಯಾಮ್ಸಿನ್ ಹಿಂದಿನ ಕೋಣೆಗೆ ಬಂದಳು.

"ಮಿಸ್ ವರ್ನಾ, ತಾತಂಗೆ ಹೇಳಲ್ಲ ತಾನೆ?"

"ಇಲ್ಲಮ್ಮ. ಕೂತ್ಕೊ. ಹುಡುಗ ಒಳ್ಳೆಯವನಾ?"

"ಪರವಾಗಿಲ್ಲ. ಆದ್ರೆ ನಾನು ಕಾಲೇಜಿಗೆ ಹೋಗ್ಬೇಕು."

"ಹೋಗುವಿಯಂತೆ. ಅದಕ್ಕೇ ಅಲ್ವಾ ನಾನು ಈ ಗ್ರೀಸ್ ವಾಸನೇಲಿ ಕೂತಿರೋದು."

ಟ್ಯಾಮ್ಸಿನ್ ಈಗ ಕಾಲೇಜಿನಲ್ಲಿದ್ದಾಳೆ. ಅವಳ ತಾತ ಕಾಫಿ ಅಂಗಡಿಯಲ್ಲಿ ಕೂತು ಇಂದಿಗೂ ಕೊಚ್ಚಿಕೊಳ್ಳುತ್ತಾನೆ: "ನನ್ನ ಮೊಮ್ಮಗಳಷ್ಟು ಜವಾಬ್ದಾರಿ ಯಾರಿಗಿದೆ? ನಾನು ಹೇಳದಿದ್ರೂ ತಾನೇ ಹೋಗಿ ಆಯಿಲ್ ಬದಲಾಯಿಸ್ಕೊಂಡು ಬರೋಳು."

"ಹೌದು, ಬಲು ಜವಾಬ್ದಾರಿ ಹುಡುಗಿ," ಎಂದು ವರ್ನಾ ಇನ್ನೊಂದು ಕಾಫಿ ಹೇಳುತ್ತಾಳೆ.