ಮೊಂಡು ಮಾಡಲು ಕಲಿತ ಸಾಣೆಗಾರ

ಬೆಳಿಗ್ಗೆ ಎಂಟಾಗುತ್ತ ಬಂದರೂ ಬಿಸಿಲು ಈಗಷ್ಟೇ ನದಿಯ ಆಚೆ ದಂಡೆಯ ಬೆಟ್ಟ ದಾಟಿ ಅಡ್ಡಡ್ಡಲಾಗಿ ಬೀಳುತ್ತಿದೆ. ಈಲಾಯ್ ಕೂಚಿನ್ ಅವರು ನಡು ಬಗ್ಗಿಸಿ, ಕೈ ಬೆನ್ನಿಗೆ ಕಟ್ಟಿಕೊಂಡು, ಕಳೆದುಹೋದ ಉಂಗುರ ಹುಡುಕುವವರ ಹಾಗೆ ಹಿಮದ ಮೇಲಿನ ಒಂದು ಗೆರೆಯ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಅದು ಹಿಮಬೈಕು ಎಳೆದ ಗೆರೆ. ಬೇಸಿಗೆಯಲ್ಲಿ ಮಣ್ಣುದಾರಿಯಲ್ಲಿ ಓಡುವ ಬೈಕಿನ ಎರಡೂ ಚಕ್ರ ಕಳಚಿ, ಮುಂದೆ ಒಂದು ಸ್ಕೀ, ಹಿಂದೆ ಹಲ್ಲಿರುವ ರಬ್ಬರ್ ಪಟ್ಟಾ ಕೂರಿಸಿದರೆ ಅದೇ ಹಿಮಬೈಕು. ಈ ಹೊತ್ತು ತಪ್ಪಿದರೆ ಗೆರೆ ಓದಲು ಆಗುವುದಿಲ್ಲ. ಬಿಸಿಲು ನೆತ್ತಿಗೆ ಬಂದರೆ ನೆರಳು ಹೋಗುತ್ತದೆ, ಎಲ್ಲ ಬರೀ ಬೆಳ್ಳಗೆ ಕಾಣುತ್ತದೆ.

ಗೆರೆ ಸೊಟ್ಟಗಾದ ಕಡೆಯೆಲ್ಲ ಅವರು ಬೂಟಿನ ತುದಿಯಿಂದ ಒಂದು ಗುರುತು ಹಾಕುತ್ತಾರೆ. ಸ್ನೋಮೊಬೈಲ್‌ಗಳು ಓಡಾಡಿ ಗಟ್ಟಿಯಾದ ಹಳೆಯ ಜಾಡುಗಳಿಗೆ ಸ್ಕೀ ಬಿದ್ದು, ಹ್ಯಾಂಡಲ್ ಕಿತ್ತುಕೊಂಡು ಹೋದ ಜಾಗಗಳವು. ತಮ್ಮ ಮನೆಯ ಗೇಟಿನಿಂದ ಮರ ಸಾಗಿಸುವ ರಸ್ತೆಯ ತಿರುವಿನವರೆಗೆ ಎರಡು ಕಿಲೋಮೀಟರ್ ನಡೆದು, ವಾಪಸು ಬಂದು, ಬೈಕು ಹಿಡಿದು ನಿಂತ ಅದರ ಒಡತಿ ವೆರ್ನಾಳಿಗೆ ಹೇಳುತ್ತಾರೆ, "ಇಪ್ಪತ್ತೊಂಬತ್ತು."

"ಮೊನ್ನೆ ಹದಿನೇಳಿತ್ತಲ್ಲ ದ್ಯಾದ್ಯಾ," ಅನ್ನುತ್ತಾಳೆ ವೆರ್ನಾ. ಈ ಕಣಿವೆಗೆ ಹಿಂದೆ ವಲಸೆ ಬಂದ ರಷ್ಯನ್ ಮೂಲದ ದುಖೊಬೋರ್ ಪಂಥದವರ ಮನೆಗಳಲ್ಲಿ ತಂದೆಯ ಓರಗೆಯವರನ್ನೆಲ್ಲ ಕರೆಯುವುದು ಹೀಗೆಯೇ, ಚಿಕ್ಕಪ್ಪ ಅಂದ ಹಾಗೆ. ಚಿಕ್ಕಪ್ಪ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

ಈಲಾಯ್ ಅವರಿಗೆ ಅರವತ್ತನಾಲ್ಕು. ಅದರಲ್ಲಿ ಮೂವತ್ತೆಂಟು ವರ್ಷ ನದಿ ದಂಡೆಯ ಸಾಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿದವರು. ಮರ ಕೊಯ್ಯುವವರನ್ನು ಎಲ್ಲರೂ ನೋಡುತ್ತಿದ್ದರು. ಮಹಡಿಯ ಮೇಲಿನ ಕೋಣೆಯಲ್ಲಿ ಕೂತು ಒಂದೊಂದೇ ಹಲ್ಲು ತೀಡುತ್ತಿದ್ದವರ ಮುಖ ಮಿಲ್ಲಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ದಿನಕ್ಕೆ ಹನ್ನೆರಡು ಗರಗಸ, ಒಂದೊಂದಕ್ಕೆ ಇನ್ನೂರ ಚಿಲ್ಲರೆ ಹಲ್ಲು. ಒಂದು ಹಲ್ಲು ಎಡವಟ್ಟಾದರೂ ಹಲಗೆಯ ಮೇಲೆ ಗೀರು ಬಿದ್ದು ಕೆಳಗಿನಿಂದ ಬೈಗುಳ ಬರುತ್ತಿತ್ತು. ಹೊಗಳಿಕೆ ಮಾತ್ರ ಯಾವತ್ತೂ ಮೆಟ್ಟಿಲು ಹತ್ತಿ ಬಂದಿದ್ದಿಲ್ಲ.

ಒಂಬತ್ತು ವರ್ಷದ ಹಿಂದೆ ಮಿಲ್ಲಿಗೆ ಬೀಗ ಬಿತ್ತು. ಮೊದಲ ಚಳಿಗಾಲವಿಡೀ ಕಿಟಕಿಯ ಬಳಿ ಕೂತು ಕಾಲ ಕಳೆದರು. ಕೂತ ಕೈ ಸುಮ್ಮನಿರಬೇಕಲ್ಲ. ಮನೆಯ ಚಾಕು, ಕತ್ತರಿ, ಕೊಡಲಿ, ಕೊನೆಗೆ ಹಿಮ ಎತ್ತುವ ಸಲಿಕೆಗೂ ಸಾಣೆ ಹಿಡಿದರು. ಹೆಂಡತಿ ಲ್ಯೂಬಾ ರೋಸಿಹೋಗಿ, ಮುಂದಿನದು ನನ್ನ ನಾಲಿಗೆ ತಾನೆ, ಅದು ಆಗಲೇ ಹರಿತವಾಗಿದೆ, ಹೊರಗೆ ಹೋಗಿ ಏನಾದರೂ ಮಾಡಿ ಅಂದರಂತೆ. ಅದೇ ವಾರ ಪಕ್ಕದ ಮನೆಯವರು ಹಿಮಬೈಕು ತಳ್ಳಿಕೊಂಡು ಬಂದು, ಎತ್ತ ತಿರುಗಿಸಿದರೂ ಇದು ನೆಟ್ಟಗೆ ಹೋಗುತ್ತಿದೆ ಎಂದು ಗೋಳಾಡಿದರು. ಸ್ಕೀಯ ತಳದಲ್ಲಿ ಉದ್ದಕ್ಕೆ ಒಂದು ಉಕ್ಕಿನ ಅಲಗು ಇರುತ್ತದೆ. ಹಿಮವನ್ನು ಕಚ್ಚಿ ಬೈಕನ್ನು ತಿರುಗಿಸುವುದು ಅದೇ. ಸವೆದುಹೋಗಿದ್ದ ಆ ಅಲಗನ್ನು ಈಲಾಯ್ ಅರ್ಧ ಗಂಟೆಯಲ್ಲಿ ತೀಡಿ ಕೊಟ್ಟರು, ಬೈಕು ಹೇಳಿದ ಮಾತು ಕೇಳಿತು. ಅಲ್ಲಿಂದ ಶುರು.

ಈಗ ಒಂದು ಚಳಿಗಾಲಕ್ಕೆ ಮೂವತ್ತು ಮೂವತ್ತೈದು ಬೈಕು ಬರುತ್ತವೆ. ಬಂದವರು ಕೊಟ್ಟಿದ್ದೇ ಕೂಲಿ: ಸೀಳಿದ ಸೌದೆ, ಒಂದು ಮೂಟೆ ಆಲೂಗಡ್ಡೆ, ಕಾಡುಹಣ್ಣಿನ ಜಾಮು. ಕಣಿವೆಯ ಬೇರೆ ರಿಪೇರಿ ಹುಡುಗರು ಬೈಕನ್ನು ಅಂಗಳದಲ್ಲಿ ಎರಡು ಸುತ್ತು ಓಡಿಸಿ, ಹ್ಯಾಂಡಲ್ ಭಾರ ಅನ್ನಿಸಿದರೆ ಸಿಕ್ಕಿದ್ದನ್ನೆಲ್ಲ ಬಿಗಿಯುತ್ತಾರೆ. ಈಲಾಯ್ ಹಾಗಲ್ಲ. ಗೆರೆ ಓದದೆ ಸ್ಪ್ಯಾನರ್ ಮುಟ್ಟುವುದಿಲ್ಲ. "ಸವಾರ ಸುಳ್ಳು ಹೇಳ್ತಾನೆ, ಬೈಕು ತೆಗೆದುಕೊಟ್ಟ ಮಾವ ಅದಕ್ಕಿಂತ ದೊಡ್ಡ ಸುಳ್ಳು ಹೇಳ್ತಾನೆ. ಹಿಮಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ," ಅನ್ನುತ್ತಾರೆ.

ವೆರ್ನಾ ಸ್ಟೂಪ್ನಿಕಾಫ್ ಹಿಮ ತೂಗುವವಳು. ಚಳಿಗಾಲದ ಪ್ರತಿ ತಿಂಗಳ ಒಂದನೇ ತಾರೀಕು ಹನ್ನೊಂದು ಕಿಲೋಮೀಟರ್ ಮೇಲೆ ಹೋಗಿ, ಹತ್ತು ಕಡೆ ಉದ್ದನೆಯ ಕೊಳವೆ ಚುಚ್ಚಿ, ಅದರಲ್ಲಿ ನಿಂತ ಹಿಮವನ್ನು ತೂಗಿ ಬರೆದುಕೊಂಡು ಬರುತ್ತಾಳೆ. ಮೇ ತಿಂಗಳಲ್ಲಿ ನದಿ ಎಷ್ಟು ಉಕ್ಕೀತು ಎಂದು ಕಣಿವೆ ತಿಳಿದುಕೊಳ್ಳುವುದು ಆ ತೂಕದಿಂದ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ದಾರಿ ಎಳೆಯ ಮರಗಳ ನಡುವೆ ಕಿರಿದಾಗಿಹೋಗಿ, ಈಗ ಮೇಲಿನ ಅರ್ಧಕ್ಕೆ ಹಿಮಬೈಕು ಬಿಟ್ಟರೆ ಬೇರೇನೂ ನುಗ್ಗುವುದಿಲ್ಲ. ಹೋದ ವರ್ಷ ಬಿದ್ದು ಎಡಭುಜ ಮುರಿಯಿತು. ಮೂಳೆ ಕೂಡಿತು, ಬಲ ಮಾತ್ರ ಪೂರ್ತಿ ಬರಲಿಲ್ಲ. ಅದಕ್ಕೇ ಫೆಬ್ರವರಿ ಒಂದಕ್ಕೆ ಅವಳ ಇಲಾಖೆಯ ಒಬ್ಬ ಅಧಿಕಾರಿ ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಾನೆ. ಕೈ ಹಾಕುವುದಿಲ್ಲ, ನೋಡುತ್ತಾನೆ. ಅವಳೇ ಹೋಗಿ, ತೂಗಿ, ಬಂದರೆ ಕೆಲಸ ಅವಳದು. ಇಲ್ಲವಾದರೆ ಮುಂದಿನ ತಿಂಗಳಿಂದ ಬೇರೆಯವರು.

ಜನವರಿಯ ಮೊದಲ ವಾರ ಅವಳು ಈಲಾಯ್ ಅವರ ಶೆಡ್ಡಿಗೆ ಬಂದಾಗ ಬೈಕಿಗೂ ಭುಜಕ್ಕೂ ಎತ್ತು ಏರಿಗೆ, ಕೋಣ ನೀರಿಗೆ. ಐದು ಕಿಲೋಮೀಟರಿಗೇ ಎಡಗೈ ನಡುಗುತ್ತಿತ್ತು. ಈಲಾಯ್ ಮೊದಲು ಪಟ್ಟಾದ ಮುಂಭಾಗವನ್ನು ಹಿಡಿದಿಡುವ ಒಳಗಿನ ಬೆಲ್ಟನ್ನು ಒಂದು ತೂತು ಸಡಿಲ ಬಿಟ್ಟರು. ಸ್ಕೀಯ ಮೇಲಿನ ಭಾರ ಇಳಿದು ಹ್ಯಾಂಡಲ್ ಹಗುರಾಯಿತು. ಸ್ಕೀಗೂ ಬೈಕಿಗೂ ನಡುವಿನ ರಬ್ಬರ್ ತುಂಡು ಕಲ್ಲಾಗಿತ್ತು, ಹೊಸದು ಹಾಕಿದರು. ಆಮೇಲೂ ಗೆರೆಯಲ್ಲಿ ಹದಿನೇಳು ಸೊಟ್ಟು ಉಳಿದವು. ಉಳಿದಿದ್ದು ಅಲಗೊಂದೇ. ಅದು ಅವರ ಮನೆ ವಿದ್ಯೆ. ಇಡೀ ಸಂಜೆ ವಜ್ರದ ಪುಡಿಯ ಕಲ್ಲು ಹಿಡಿದು, ಈ ತುದಿಯಿಂದ ಆ ತುದಿವರೆಗೆ ಉಗುರು ಇಟ್ಟರೆ ಸೀಳುವಂತೆ ತೀಡಿದರು. ಅದರ ಫಲವೇ ಈ ಇಪ್ಪತ್ತೊಂಬತ್ತು.

ಇನ್ನೂ ಹರಿತ ಸಾಲದು ಎಂದುಕೊಂಡು ಮತ್ತೆ ತೀಡುತ್ತಾರೆ. ಮಾರನೆಯ ಬೆಳಿಗ್ಗೆ ವೆರ್ನಾ ಮೊದಲ ತಿರುವಿನಲ್ಲೇ ಜಾಡಿಗೆ ಸಿಕ್ಕಿ ಎಡಮಗ್ಗುಲಿಗೆ ಬೀಳುತ್ತಾಳೆ. ಪೆಟ್ಟು ಹೆಚ್ಚಿಲ್ಲ. ಆದರೂ ಎದ್ದವಳು ಬೈಕು ಎತ್ತುವುದಿಲ್ಲ, ಹಿಮದ ಮೇಲೇ ಕೂತು ಗ್ಲೌಸ್ ಬಿಚ್ಚುತ್ತಾಳೆ.

"ಬಿಟ್ಟುಬಿಡೋಣ ದ್ಯಾದ್ಯಾ. ನಿಮ್ಮದೇನೂ ತಪ್ಪಿಲ್ಲ. ನನ್ನಿಂದಾಗಲ್ಲ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ."

ನಾಲ್ಕು ದಿನ ಕೊಡು ಎಂದು ಕೇಳಿಕೊಳ್ಳುತ್ತಾರೆ ಈಲಾಯ್. ನಾಲ್ಕು ದಿನದಲ್ಲಿ ಏನು ಮಾಡುವುದು ಎಂದು ಅವರಿಗೇ ಗೊತ್ತಿಲ್ಲ. ತಪ್ಪು ತನ್ನದೇ ಎಂಬುದಷ್ಟೇ ಗೊತ್ತು.

ಮರುದಿನ ಲ್ಯೂಬಾ ಪಿರಾಹಿ ಎಂಬ, ಪಲ್ಯ ತುಂಬಿದ ಕಡುಬು ಮಾಡಲು ಹಿಟ್ಟು ನಾದುತ್ತಿದ್ದಾರೆ. ಹಲಗೆಗೆ ಅಂಟಿದ ಹಿಟ್ಟು ಕೆರೆಯಲು, ಗಂಡ ಅತ್ತ ತಿರುಗಿದ್ದಾರೆಂದು ನೋಡಿಕೊಂಡು, ಹಿಟ್ಟಿನ ಡಬ್ಬದ ತಳದಿಂದ ಒಂದು ಹಳೆಯ ಚಾಕು ತೆಗೆಯುತ್ತಾರೆ. ಈಲಾಯ್ ತಿರುಗಿಬಿಡುತ್ತಾರೆ. ಒಂಬತ್ತು ವರ್ಷದಿಂದ ಆ ಚಾಕು ಅವರ ಕಣ್ಣಿಗೆ ಬಿದ್ದಿಲ್ಲ. ಬೆರಳಿಂದ ಸವರಿ ನೋಡುತ್ತಾರೆ, ಬೆಣ್ಣೆಯನ್ನೂ ಕೊಯ್ಯದಷ್ಟು ಮೊಂಡು. ಕೊಡು ಎಂದು ಕೈ ಚಾಚಿದರೆ ಲ್ಯೂಬಾ ಕೊಡುವುದಿಲ್ಲ.

"ಇದಕ್ಕೆ ಸಾಣೆ ಹಿಡಿದರೆ ನೋಡಿ ಮತ್ತೆ. ಹರಿತ ಆದ್ರೆ ಹಲಗೆಗೇ ಕಚ್ಕೊಳ್ಳುತ್ತೆ, ಹಳೇ ಗೀರಲ್ಲೇ ಓಡುತ್ತೆ. ಮೊಂಡಾಗಿರೋದಕ್ಕೇ ನಾನು ಹೇಳಿದ ಕಡೆ ಹೋಗೋದು."

ಹಲಗೆಯ ಗೀರು ಅಂದರೆ ಹಿಮದ ಜಾಡು ಎಂದು ಈಲಾಯ್ ಅವರಿಗೆ ಹೊಳೆಯುತ್ತದೆ. ಪಿರಾಹಿ ಒಲೆಯಿಂದ ಇಳಿಯುವ ಮೊದಲೇ ಶೆಡ್ಡಿಗೆ ಹೋಗುತ್ತಾರೆ. ಬೈಕನ್ನು ಅಡ್ಡ ಮಲಗಿಸಿ, ಸ್ಕೀ ತಿರುಗುವ ಕೀಲಿಗೆ ನೇರವಾಗಿ ಅಲಗಿನ ಮೇಲೆ ಒಂದು ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಅಂಗಡಿಯ ತಳ್ಳುಗಾಡಿಯ ಚಕ್ರ ಯಾವಾಗಲೂ ತನ್ನ ಕೀಲಿನ ಹಿಂದೆಯೇ ಬರುತ್ತದೆ, ಆದ್ದರಿಂದ ಗಾಡಿ ನೆಟ್ಟಗೆ ಹೋಗುತ್ತದೆ. ಸ್ಕೀ ಕೂಡ ಹಾಗೇ ಹಿಂದಿನಿಂದ ಕಚ್ಚಬೇಕು. ಕೀಲಿನ ಮುಂದೆ ಕಚ್ಚಿದರೆ ಸಿಕ್ಕ ಸಿಕ್ಕ ಜಾಡಿಗೆ ಮೂತಿ ತೂರಿಸುತ್ತದೆ. ಅಂದರೆ ಗೆರೆಯ ಹಿಂದಿನ ಅಲಗು ಹರಿತವಾಗಿಯೇ ಇರಬೇಕು, ಮುಂದಿನದು ಮೊಂಡಾಗಬೇಕು. ತಿಳಿಯುವುದೇನೋ ತಿಳಿಯಿತು. ಕೈ ಒಪ್ಪಬೇಕಲ್ಲ.

"ಮೂರು ಸಲ ಕಲ್ಲು ಎತ್ಕೊಂಡೆ, ಮೂರು ಸಲ ಕೆಳಗಿಟ್ಟೆ," ಎಂದು ಈಗ ನೆನೆದು ನಗುತ್ತಾರೆ. "ಎಲ್ಲಾ ಬಿಟ್ಟು ನಮ್ಮಪ್ಪನ ನೆನಪು ಬಂತು. ಅವನೂ ಸಾಣೆಯವನೇ. ಹರಿತವಾದ ಅಂಚನ್ನ ಬೇಕು ಅಂತಲೇ ಹಾಳು ಮಾಡೋದು, ಅನ್ನ ಚೆಲ್ಲಿದ ಹಾಗೆ ಕಣ್ರೀ ನಮಗೆ."

ಅಂತೂ ಅಂಚು ಮುರಿದರು. ಆಮೇಲೆ ಬೆಣ್ಣೆಯಂತೆ ನುಣ್ಣಗಾಗುವವರೆಗೆ ಉಜ್ಜಿದರು. ಅರ್ಧಂಬರ್ಧ ಕೆಲಸ ಆ ಕೈಗೆ ಗೊತ್ತಿಲ್ಲ, ಮೊಂಡು ಮಾಡುವುದರಲ್ಲೂ ಅಷ್ಟೇ. ಬೆಳಿಗ್ಗೆ ಗೆರೆ ಓದಿದರೆ ಸೊಟ್ಟು ಒಂಬತ್ತು. ಇನ್ನು ಒಂದು ಬೆರಳಗಲ ಹಿಂದಕ್ಕೆ ಉಜ್ಜಿದರು, ನಾಲ್ಕಾಯಿತು. ಮತ್ತೂ ಉಜ್ಜಬಹುದಿತ್ತು, ಆದರೆ ಮೇಲಿನ ಇಳಿಜಾರಿನಲ್ಲಿ ಕಚ್ಚಲು ಏನಾದರೂ ಉಳಿಯಬೇಕು ಎಂದು ನಿಲ್ಲಿಸಿದರು. ವೆರ್ನಾ ಆ ನಾಲ್ಕಕ್ಕೆ ಒಪ್ಪಿಕೊಂಡಳು.

ಫೆಬ್ರವರಿ ಒಂದು. ಎಂಟಕ್ಕೆ ಅವಳೂ ಅಧಿಕಾರಿಯೂ ಹೊರಡುತ್ತಾರೆ. ಎರಡರೊಳಗೆ ಬರಬೇಕು. ಈಲಾಯ್ ಶೆಡ್ಡಿನಲ್ಲಿ ಬೇರೆ ಬೈಕಿನ ಬೋಲ್ಟು ಬಿಚ್ಚುತ್ತಾರೆ, ಅದನ್ನೇ ಮತ್ತೆ ಹಾಕುತ್ತಾರೆ. ಎರಡಾಗುತ್ತದೆ, ಎರಡೂವರೆಯೂ ಆಗುತ್ತದೆ. ಲ್ಯೂಬಾ ಬೋರ್ಷ್ಟ್ ಎಂಬ ತರಕಾರಿ ಸೂಪನ್ನು ಮೂರನೇ ಸಲ ಬಿಸಿಗಿಡುತ್ತಾರೆ. ಮೂರಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ತಿರುವಿನಲ್ಲಿ ಎಂಜಿನ್ ಸದ್ದು. ಮುಂದೆ ವೆರ್ನಾ. ಹಿಂದೆ, ಬಹಳ ಹಿಂದೆ, ಅಧಿಕಾರಿ. ತಡವಾಗಿದ್ದು ಅವನಿಂದಂತೆ. ಅವನ ಬೈಕು ಸಿಕ್ಕ ಜಾಡಿಗೆಲ್ಲ ಬಿದ್ದು, ಎರಡು ಸಲ ವೆರ್ನಾಳೇ ಇಳಿದು ಎತ್ತಿಕೊಡಬೇಕಾಯಿತು.

ಅವಳು ಒಳಗೆ ಬಂದು ಬೂಟು ಬಿಚ್ಚುತ್ತಾಳೆ. ಹತ್ತು ಕಡೆಯ ತೂಕವೂ ಬರೆದಾಗಿದೆ, ಅಧಿಕಾರಿ ಅಲ್ಲೇ ರುಜು ಹಾಕಿದ್ದಾನೆ. ಲ್ಯೂಬಾ ತುಂಬಿದ ಬಟ್ಟಲು ಚಾಚಿದಾಗ ವೆರ್ನಾ ಅದನ್ನು ಎಡಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಸೂಪು ತುಳುಕುವುದಿಲ್ಲ. ಈಲಾಯ್ ಅದನ್ನು ನೋಡಿ, ಟೋಪಿ ಹಾಕಿಕೊಂಡು ಹೊರಗೆ ಹೋಗುತ್ತಾರೆ. ಗೇಟಿನ ಬಳಿ ಹಳೆಯ ಜಾಡುಗಳು ಹೆಣೆದುಕೊಂಡಿವೆ. ಅವುಗಳ ಮೇಲೆ ಒಂದೇ ಒಂದು ಗೆರೆ, ಯಾವುದಕ್ಕೂ ಬಗ್ಗದೆ ಅಡ್ಡ ಹಾದು ಮನೆಗೆ ಬಂದಿದೆ. ಅವರಿಗೆ ಖುಷಿಯಾಗಿದೆ, ಮುಚ್ಚಿಡಲು ಹೋದರೂ ಮುಖ ಕೇಳುತ್ತಿಲ್ಲ.

ಅವತ್ತಿನಿಂದ ಅಧಿಕಾರಿಯ ಬೈಕೂ ಶೆಡ್ಡಿನ ಸಾಲಿನಲ್ಲಿ ನಿಂತಿದೆ. ಲ್ಯೂಬಾ ಅವರ ಚಾಕು ಹಿಟ್ಟಿನ ಡಬ್ಬಕ್ಕೆ ವಾಪಸಾಗಿದೆ, ಮೊಂಡಾಗಿಯೇ. ಮಿಲ್ಲಿನ ಹಳೆಯ ಸಾಣೆಯವರು ಇಂದಿಗೂ ಶನಿವಾರ ಕಾಫಿಗೆ ಸೇರುತ್ತಾರೆ. ಅವರ ಮುಂದೆ ಮಾತ್ರ ಈಲಾಯ್ ಈ ಸುದ್ದಿ ಎತ್ತಿಲ್ಲ.

ಇದೆಲ್ಲ ಕನ್ನಡ ಪತ್ರಿಕೆಗೆ ಹೋಗುತ್ತದೆ ಎಂದು ತಿಳಿದಾಗ ಅವರು, ನಿಮ್ಮ ಭಾಷೆ ಆ ಮುದುಕರಲ್ಲಿ ಯಾರಿಗಾದರೂ ಓದಲು ಬರುತ್ತದೆಯೇ ಎಂದು ಕೇಳುತ್ತಾರೆ. ಒಬ್ಬರಿಗೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

"ಹಾಗಾದ್ರೆ ಬರ್ಕೊಳ್ಳಿ. ಈಲಾಯ್ ಕೂಚಿನ್ ಕೈಯಾರೆ ಒಂದು ಅಲಗು ಮೊಂಡು ಮಾಡಿದ. ಚೆನ್ನಾಗಿ ಮಾಡಿದ ಅಂತಾನೂ ಸೇರಿಸಿ."