ಗುಂಜಿಯ ಹೆಬ್ಬೆಟ್ಟು, ಸ್ಕಾಟ್ಲೆಂಡಿನ ಪುಸ್ತಕ

ಖಾನಾಪುರದ ರೈಲಿಗೆ ಇನ್ನೂ ಹೊತ್ತಿತ್ತೆಂದು ಬೆಳಗಾವಿಯ ವಕೀಲ ಗೆಳೆಯನ ಕಚೇರಿಗೆ ಹೋದೆ. ಯಾರೋ ಸಾಹೇಬನ ಸಾಮಾನಿನ ಹರಾಜಿನಲ್ಲಿ ತಾನು ಕೊಂಡ ಕೈಬರಹದ ಪುಸ್ತಕ ತೋರಿಸಿದ. ಸ್ಕಾಟ್ಲೆಂಡಿನ ಇನ್ನೂರು ವರ್ಷ ಹಳೆಯ ಕಾನೂನು. ತಡವರಿಸುತ್ತ ಓದಿ ಕನ್ನಡದಲ್ಲಿ ಹೇಳಿದೆ: “ಗಂಡ ಸತ್ತರೆ ಅವನ ಹೊಲದ ಮೂರರಲ್ಲೊಂದು ಪಾಲು, ಬದುಕಿರುವ ತನಕ ಹೆಂಡತಿಗೆ.”

ಮೂಲೆಯಲ್ಲಿ ಕೂತಿದ್ದ, ಗುಂಜಿ ಎಂಬ ಹಳ್ಳಿಯ ವಿಧವೆ ಎದ್ದು ಬಂದಳು. ಅನ್ನ ಬಟ್ಟೆಯ ಹೊರತು ಹೊಲದಲ್ಲಿ ತನಗೆ ಹಕ್ಕಿಲ್ಲವೆಂಬ ಕಾಗದಕ್ಕೆ ಮೈದುನರ ಮುಂದೆ ಆಗಷ್ಟೇ ಹೆಬ್ಬೆಟ್ಟು ಒತ್ತಿದ್ದಳು.

“ಇನ್ನೊಮ್ಮೆ ಓದ್ರಿ.”

ಓದಿದೆ. ಇಲ್ಲಿ ಓದಿ ಹೇಳಿದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತಿಯೇ ಅವಳಿಗೆ ರೂಢಿ. ಎಡಗೈ ಚಾಚಿ, “ಇದಕ್ಕ ಎಲ್ಲಿ ಒತ್ತಲ್ರಿ?” ಎಂದಳು.

“ಅದು ಬ್ಯಾರೆ ದೇಶದ ಕಾಯ್ದೆ, ಯವ್ವಾ,” ಎಂದ ಗೆಳೆಯ.

ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಹೆಬ್ಬೆರಳಿನ ಮಸಿ ಇನ್ನೂ ಆರಿರಲಿಲ್ಲ.