ಡ್ರೈವರ್ ಬೆನ್ನ ಹಿಂದಿನ ಕಿಟಕಿ

ಪಕ್ಕದ ಮನೆ ಮಾವನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹೊಸೂರಿನ ಲಾರಿ ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಉಪ್ಪು ಕಾಗದ ತಿಕ್ಕಿ ತಿಕ್ಕಿ ಎಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುತ್ತಲೇ ಇರಲಿಲ್ಲ. ಖಾಲಿ ಚೀಲ ಹಿಡಿದು ಬಂದು, ನನ್ನ ಮುಖ ನೋಡದೆ, "ನಾನು ಇಲ್ವಂತೆ ಕಣ್ಲಾ" ಅನ್ನುವರು. ನಾನು ನಕ್ಕುಬಿಡುತ್ತಿದ್ದೆ.

ಸಂಬಂಧದಲ್ಲಿ ಮಾವನಲ್ಲ, ಬಾಯಿಮಾತಿನ ಮಾವ. ಯಾರ ಮುಖವನ್ನೂ ನೋಡಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಅವರ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದವರು, ಹೋದಮೇಲೆ ಇದ್ದ ಮಾತೂ ನಿಂತಿತು. ಮಕ್ಕಳಿರಲಿಲ್ಲ. ಹೊಸೂರಿಗೆ ಅಂಟಿಕೊಂಡ ಜೂಜುವಾಡಿಯ ನಮ್ಮ ಬೀದಿಯಲ್ಲಿ ಬಾಡಿಗೆಯವರೇ ಜಾಸ್ತಿ. ಶಿಫ್ಟ್ ಮುಗಿಸಿ ಬಂದು ಮಲಗುವ ಜನ, ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ನಾನೂ ಅಂಥವನೇ, ಒಂಟಿ ಮನುಷ್ಯ. ಹೀಗಿರುವಾಗ ಮಾವ ಗುಜರಿಯಿಂದ ಹಳೇ ಮಿಲಿಟರಿ ವ್ಯಾನೊಂದನ್ನು ಎಳೆಸಿಕೊಂಡು ಬಂದರು.

"ಯುದ್ಧಕ್ಕೆ ಹೊಂಟೀಯಾ ಮಾವ?" ಅಂದೆ.

"ಕೈ ಸುಮ್ಕಿರಕ್ಕಿಲ್ಲ ಅಂತೈತೆ, ಬುಡು."

ಎಂಜಿನ್ ಕೆಲಸ ಮೆಕ್ಯಾನಿಕ್‌ನದು, ಬಣ್ಣದ್ದು ಮಾತ್ರ ಮಾವನದು. ಹಸಿರು ಕೆರೆದಂತೆ ಪಕ್ಕದ ತಗಡಿನಲ್ಲಿ ಬಿಳಿ ವೃತ್ತವೊಂದು ಕಾಣಿಸಿತು, ಅದರೊಳಗೆ ಕೆಂಪು ಕ್ರಾಸು. ಸಾಮಾನು ಹೊರುವ ಗಾಡಿ ಅಂದುಕೊಂಡಿದ್ದೆವು. ಅದು ಗಾಯಾಳುಗಳ ಆಂಬುಲೆನ್ಸ್. ಮಾವ ಉಪ್ಪು ಕಾಗದ ಕೆಳಗಿಟ್ಟು ಮನೆಯೊಳಗೆ ಹೋದವರು ಎಷ್ಟೋ ದಿನ ಗಾಡಿಯ ಹತ್ತಿರ ಸುಳಿಯಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅತ್ತೆಯ ಜೀವ ಹೋದದ್ದು ಬೆಂಗಳೂರಿಗೆ ಹೊರಟ ಆಂಬುಲೆನ್ಸಿನಲ್ಲಿ, ಅತ್ತಿಬೆಲೆಯ ಟ್ರಾಫಿಕ್ಕಿನ ನಡುವೆ. ಹಿಂದೆ ನರ್ಸ್ ಇದ್ದಾರೆ, ನೀವು ಮುಂದೆ ಕೂತ್ಕೊಳ್ಳಿ ಅಂದಿದ್ದರಂತೆ. ಮಾವ ಮುಂದೆ ಕೂತಿದ್ದರು.

ಮತ್ತೆ ಕೆಲಸಕ್ಕೆ ಇಳಿದ ದಿನ ನನ್ನನ್ನು ಕೂಗಿದರು. ಡ್ರೈವರ್ ಸೀಟಿನ ಹಿಂದಿನ ತಗಡಿನ ಮೇಲೆ ಬೆರಳಾಡಿಸುತ್ತಿದ್ದರು.

"ಇಲ್ಲೊಂದ್ ಅಂಚೈತೆ ಕಣ್ಲಾ."

ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಕೆರೆದರೆ, ಬಣ್ಣದ ಪದರಗಳ ಅಡಿಯಲ್ಲಿ ಒಂದು ಪುಟ್ಟ ಕಿಟಕಿ, ಪಕ್ಕಕ್ಕೆ ಸರಿಸುವಂಥದ್ದು. ಅದರ ಹಿಡಿ ಡ್ರೈವರ್ ಕಡೆಗಿತ್ತು. ಮುಟ್ಟಿ ಮುಟ್ಟಿ ಸವೆದಿತ್ತು. ಮಾವ ತಮ್ಮ ಹೆಬ್ಬೆಟ್ಟನ್ನು ಅದರ ಮೇಲಿಟ್ಟರು.

"ಹಿಂದೆ ಮಲ್ಗಿರೋನ್ ಜೊತೆ ಮಾತಾಡ್ಕಂಡೇ ಓಡ್ಸವ್ನೆ ಆ ಡ್ರೈವರು, ಪುಣ್ಯಾತ್ಮ" ಅಂದರು. ಆಮೇಲೆ, "ಅವತ್ತೂ ನನ್ ಬೆನ್ನಿಂದೆ ಗಾಜಿತ್ತು. ಸರಿಸ್ಬೋದು ಅಂತ ಹೊಳೀಲೇ ಇಲ್ಲ. ಇನ್ನೇನ್ ಬಂದ್ಬುಡ್ತು ಕಣೇ ಅಂತ ಒಂದ್ ಮಾತು ಅಂದಿದ್ರೆ ಆಗ್ತಿತ್ತು ಕಣ್ಲಾ."

ಕೆರೆದ ಬಣ್ಣದ ಪುಡಿಯನ್ನು ಗುಡಿಸಿ ಹಾಕಿದೆ.

ಗಾಡಿ ಓಡುವಂತಾದ ಮೇಲೆ ಭಾನುವಾರಗಳಲ್ಲಿ ಬೇರಿಕೆ ರಸ್ತೆಗೆ ಹೊರಡುತ್ತಿದ್ದೆವು. ನಾನು ಮುಂದೆ ಕೂರುವ ಹಾಗಿರಲಿಲ್ಲ; ಹಿಂದಿನ ಹಲಗೆಯ ಮೇಲೆ ರೋಗಿಯಂತೆ ಮಲಗಬೇಕು. ನನಗೋ ವಿಪರೀತ ನಾಚಿಕೆ. ಆದರೆ ಕಿಟಕಿ ಸರಿದದ್ದೇ ಮಾವನ ಬಾಯಿ ಬಿಚ್ಚುತ್ತಿತ್ತು. ಕಣ್ಣು ರಸ್ತೆಯ ಮೇಲೆ, ಮಾತು ನನ್ನ ಕಡೆಗೆ. ರೋಜಾ ತೋಟ, ಟೊಮೇಟೊ ಬೆಳೆ, ಅತ್ತೆಯ ಮುದ್ದೆ, ಸಿಟ್ಟು ಬಂದರೆ ಆಕೆ ತೆಲುಗಿನಲ್ಲಿ ಬೈಯುತ್ತಿದ್ದದ್ದು. ನಡುನಡುವೆ "ಕೇಳುಸ್ತಾ ಐತಾ?" ಅನ್ನುವರು. "ಕೇಳುಸ್ತೈತೆ ಮಾವ" ಅನ್ನಬೇಕು. ಅನ್ನದಿದ್ದರೆ ಗಾಬರಿಯಾಗಿ ಗಾಡಿ ನಿಲ್ಲಿಸಿಬಿಡುತ್ತಿದ್ದರು. ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದವರು ಇನ್ನೊಬ್ಬರಿಲ್ಲ.

ಮಾವ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಊರಿಗೆ ತರುವ ವ್ಯಾನಿನಲ್ಲಿ ನಾನು ಡ್ರೈವರ್ ಪಕ್ಕ ಕೂತೆ. ಅತ್ತಿಬೆಲೆಯಲ್ಲಿ ಎಂದಿನಂತೆ ಲಾರಿಗಳ ಸಾಲು, ಅಲ್ಲಾಡುವಂತಿಲ್ಲ. ನನ್ನ ಬೆನ್ನ ಹಿಂದೆಯೂ ಗಾಜಿತ್ತು. ತಿರುಗಿ ಸರಿಸಿದೆ.

"ಏಸಿ ಹೋಗ್ತದೆ ಸಾರ್, ಮುಚ್ಚಿ" ಅಂದ ಡ್ರೈವರ್.

ನಾನು ಮುಚ್ಚಲಿಲ್ಲ.

"ಇನ್ನೇನ್ ಜೂಜುವಾಡಿ ಬಂದ್ಬುಡ್ತು ಮಾವ" ಅಂದೆ. "ಕೇಳುಸ್ತಾ ಐತಾ?"